ಬಾರ್ಕೂರಿನಿಂದ ಶಿರೂರಿಗೆ, ಬಳಿ ಕೇಳಿಕೊಂಡು

ದಾವಣಗೆರೆಯಲ್ಲಿ ಬೆಳಗಿನ ಶಿವಮೊಗ್ಗ ಬಸ್ಸು ಹತ್ತಿ ಕೂತಾಗ ನಮ್ಮ ಮನೆಯವರು ಕಿಟಕಿಯ ಹತ್ತಿರ ಬಂದು, “ಆರಾಮಾಗಿ ನೋಡ್ಕೊಂಡು ಬಾ. ಹಳೇ ಗುಡಿಗಳು, ಎಲ್ಲಿಗೂ ಓಡಿ ಹೋಗಲ್ಲ” ಎಂದರು. ಮಗಳು ಸ್ವಾತಿ ನಕ್ಕಳು. ನನಗೆ ನಗು ಬರಲಿಲ್ಲ. ಊಟಕ್ಕೆ ಕೂತವಳು ಎದ್ದು ಹೋಗಿ ಗ್ಯಾಸ್ ಆರಿಸಿದ್ದೇನೆಯೇ ಎಂದು ಎರಡು ಸಲ ನೋಡಿ ಬರುವ ಜಾತಿಯವಳು ನಾನು. ಆದರೆ ಈ ಸಲ ಹೊತ್ತುಕೊಂಡು ಹೊರಟಿದ್ದ ಚಿಂತೆ ಗ್ಯಾಸಿನದಲ್ಲ.

ಸ್ವಾತಿ ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾಳೆ. ಬಾರ್ಕೂರು, ಬಸ್ರೂರು, ಬೈಂದೂರಿನ ಸೇನೇಶ್ವರ ಎಂದು ಮಾತೆತ್ತಿದರೆ ಹೇಳುವವಳು, ಒಂದನ್ನೂ ಕಣ್ಣಾರೆ ಕಂಡಿರಲಿಲ್ಲ. ಅದೇ ಕಾಲೇಜಿನಲ್ಲಿ ಲೆಕ್ಕ ಕಲಿಸುವ ಪ್ರಶಾಂತನನ್ನು ಮದುವೆಯಾಗುವುದೆಂದು ಇಬ್ಬರೂ ತೀರ್ಮಾನ ಮಾಡಿಕೊಂಡಿದ್ದರು. ಹುಡುಗನ ಊರು ಬೈಂದೂರಿನಾಚೆಯ ಶಿರೂರು. “ದಾರಿಯಲ್ಲಿ ನಿನ್ನ ಹಳೇ ಜಾಗಗಳನ್ನೆಲ್ಲ ನೋಡಿ, ಕೊನೆಗೆ ಅವರ ಮನೆಗೆ ಹೋಗಿ ಮಾತಾಡ್ಕೊಂಡು ಬರೋಣ” ಎಂದು ನಾನೇ ಹೇಳಿದ್ದೆ. ಅವಳಿಗೆ ಗೊತ್ತಿದ್ದದ್ದು ಅಷ್ಟೇ.

ಗೊತ್ತಿಲ್ಲದ್ದು ಇಷ್ಟು. ಹಿಂದಿನ ವಾರ ಹುಡುಗನ ತಾಯಿ ಜಲಜಕ್ಕ ಫೋನು ಮಾಡಿದ್ದರು. ಅದೂ ಇದೂ ಮಾತಾಡಿ ಕೊನೆಗೆ ಮೆಲ್ಲಗೆ, “ನಿಮ್ದ್ ಬಳಿ ಯಾವ್ದ್?” ಎಂದು ಕೇಳಿದರು. ಕುಂದಾಪುರ ಸೀಮೆಯ ನಾಡವರಾದ ನಮ್ಮಲ್ಲಿ ಬಳಿ ಎಂದರೆ ಕುಲದ ಹೆಸರು. ಅದು ತಂದೆಯಿಂದ ಬರುವುದಲ್ಲ, ತಾಯಿಯಿಂದ ಬರುವುದು. ಒಂದೇ ಬಳಿಯ ಹುಡುಗ ಹುಡುಗಿ ಒಬ್ಬರ ಮುಖ ಒಬ್ಬರು ನೋಡಿರದಿದ್ದರೂ ಅಣ್ಣ ತಂಗಿಯ ಲೆಕ್ಕ, ಮದುವೆ ಇಲ್ಲ. ಸ್ವಾತಿಯ ಬಳಿ ಎಂದರೆ ನನ್ನದು, ನನ್ನದೆಂದರೆ ನನ್ನ ಅಮ್ಮನದು. ನನ್ನ ಅಮ್ಮ ಗುಲಾಬಿ ನಾನು ಶಾಲೆಗೆ ಸೇರುವ ಮೊದಲೇ ತೀರಿಹೋಗಿದ್ದಳು.

ಅಪ್ಪ ದಾವಣಗೆರೆಯಲ್ಲಿ ಹೋಟೆಲು ಇಟ್ಟವರು. ಅಮ್ಮ ಹೋದ ಮೇಲೆ ಅವಳ ಮನೆಯವರೊಂದಿಗೆ ಏನೋ ಜಗಳ ಮಾಡಿಕೊಂಡು ಆ ಕಡೆ ಮುಖ ಹಾಕಲಿಲ್ಲ. “ಗುಲ್ವಾಡಿ ಹೊಳೆಬದಿಯವರು ಜಂಬದವರು” ಎಂಬ ಒಂದು ಮಾತು ಬಿಟ್ಟರೆ ತಾಯಿಮನೆಯ ಬಗ್ಗೆ ಅವರು ನನಗೆ ಏನೂ ಹೇಳಿಕೊಟ್ಟಿರಲಿಲ್ಲ. ನನ್ನ ಮದುವೆಯಲ್ಲಿ ಬಳಿ ಕೇಳಿರಲೇಬೇಕು, ಅಪ್ಪ ಹೇಳಿರಲೇಬೇಕು. ಆದರೆ ದೊಡ್ಡವರ ಮಾತು ಜಗಲಿಯಲ್ಲಿ ಮುಗಿಯುತ್ತಿತ್ತು, ನಾನು ಒಳಗೆ ಲೋಟಗಳಿಗೆ ಕಾಫಿ ಬಗ್ಗಿಸುತ್ತಿದ್ದೆ. ನಮ್ಮ ಮನೆಯವರನ್ನು ಕೇಳಿದರೆ, “ಬೇರೆ ಬೇರೆ ಅಂತ ಹೇಳಿದ್ರು, ಸಾಕಾಯ್ತು. ಹೆಸರು ಯಾರು ನೆನಪಿಟ್ಕೊಳ್ತಾರೆ?” ಎಂದರು. ಆ ಜಗಲಿಯಲ್ಲಿ ಅವತ್ತು ಕೂತಿದ್ದ ಹಿರಿಯರು ಯಾರೂ ಈಗ ಇಲ್ಲ.

ಜಲಜಕ್ಕನಿಗೆ, “ವಿಚಾರಿಸಿ ಹೇಳ್ತೀನಿ” ಎಂದೆ. ಅವರದು ಯಾವುದೆಂದು ತಿರುಗಿ ಕೇಳಬಹುದಿತ್ತು, ಕೇಳಲಿಲ್ಲ. ಮೊದಲು ಅವರದನ್ನು ತಿಳಿದುಕೊಂಡು ಆಮೇಲೆ ನಮ್ಮದನ್ನು ಹೇಳಿದರೆ, ಅನುಕೂಲಕ್ಕೆ ತಕ್ಕ ಹೆಸರು ಹೇಳಿದಳು ಎಂಬ ಮಾತು ನಾಳೆ ಬರುತ್ತದೆ. ಮಗಳು ಆ ಮಾತಿನ ಕೆಳಗೆ ಸಂಸಾರ ಮಾಡಬಾರದು. “ಶನಿವಾರ ನಮ್ಮಣ್ಣ ಬತ್ರ್. ಅವ್ರ್ ಎದ್ರಿಗೇ ಮಾತ್ ಆಯ್ಲಿ” ಎಂದು ಅವರು ಫೋನಿಟ್ಟರು. ನಾವು ಹೊರಟದ್ದು ಗುರುವಾರ.

ಶಿವಮೊಗ್ಗದಲ್ಲಿ ಬಸ್ಸು ಬದಲಿಸಿ ಆಗುಂಬೆ ಘಾಟಿ ಇಳಿದೆವು. ನವರಾತ್ರಿ ಮುಗಿದಿದ್ದರೂ ಮಳೆ ಪೂರ್ತಿ ಬಿಟ್ಟಿರಲಿಲ್ಲ. ಹೆಬ್ರಿಯಲ್ಲಿ ಇಳಿದು ಬ್ರಹ್ಮಾವರದ ಖಾಸಗಿ ಬಸ್ಸು ಹಿಡಿದೆವು. ಆ ಬಸ್ಸಿನವರಿಗೆ ಏನು ಅವಸರವೋ, ನನ್ನ ಒಂದು ಕಾಲು ರಸ್ತೆಯ ಮೇಲಿದ್ದಾಗಲೇ ರೈಟ್ ಎಂದರು. ದಾರಿಯುದ್ದಕ್ಕೂ ಕೊಯ್ಲಿಗೆ ಬಂದ ಗದ್ದೆಗಳು. ಹೊಸ್ತು ಹಬ್ಬಕ್ಕೆಂದು ಕಟ್ಟಿದ ಭತ್ತದ ಕದಿರು ಬಸ್ಸಿನ ಕನ್ನಡಿಯ ಮೇಲೂ ತೂಗುತ್ತಿತ್ತು.

ಬ್ರಹ್ಮಾವರದಲ್ಲಿ ಊಟ ಮಾಡಿದೆವು. ಕುಚಲಕ್ಕಿ ಅನ್ನ, ಬೈಗೆ ಮೀನಿನ ಸಾರು, ಒಂದು ಹೋಳು ಉಪ್ಪಿನಕಾಯಿ. ಸ್ವಾತಿ ಎರಡನೇ ಸಲ ಅನ್ನ ಹಾಕಿಸಿಕೊಂಡಳು. ನಾನು ಮೀನಿನ ಮುಳ್ಳು ಬಿಡಿಸುತ್ತ ಕೂತೆ. ಹೊರಗೆ ಬಂದಾಗ ಫೆಲಿಕ್ಸ್ ಎಂಬ ಆಟೋದವರು ಬಾರ್ಕೂರು ತೋರಿಸಿ ವಾಪಸು ತಂದು ಬಿಡಲು ಐನೂರು ಕೇಳಿ ನಾನೂರೈವತ್ತಕ್ಕೆ ಒಪ್ಪಿದರು. “ಹಿಂದೆ ಇಲ್ಲ್ ದಿನಕ್ಕೊಂದ್ ದೇವಸ್ಥಾನ ಇತ್ತಂಬ್ರ್, ವರ್ಷ ಪೂರಾ” ಎಂದು ಹೊರಡುವಾಗಲೇ ಹೇಳಿದರು. “ಈಗ್ಳೂ ಜಾಗ್ರತೆಯಂಗೆ ನಡಿನಿ. ಕಾಲಿಗ್ ಎಡವಿದ್ ಕಲ್ಲ್ ಯಾವ್ ದೇವ್ರೋ ಗೊತ್ತಾತಿಲ್ಲೆ.”

ಬಾರ್ಕೂರು ಆಳುಪರ ರಾಜಧಾನಿಯಾಗಿತ್ತು ಎಂದರೆ ನಂಬುವುದು ಕಷ್ಟ. ತೆಂಗಿನ ತೋಟ, ಗದ್ದೆ, ನಡುವೆ ಒಂದೊಂದು ಕೇರಿ. ಕೇರಿಗೊಂದು ಗುಡಿ, ಒಂದು ಕೆರೆ, ಬೇಲಿಯ ಪಕ್ಕ ಒರಗಿ ನಿಂತ ಶಾಸನದ ಕಲ್ಲು. ಹುಲ್ಲು ತುಂಬಿದ ಕೋಟೆಯ ಕಂದಕದಲ್ಲಿ ಒಂದು ಎಮ್ಮೆ ಮಲಗಿತ್ತು. ಕತ್ತಲೆ ಬಸದಿಯ ಎದುರು ಸ್ವಾತಿ ಚಪ್ಪಲಿ ಬಿಟ್ಟು ಒಳಗೆ ಓಡಿದಳು. ಹೆಸರಿಗೆ ತಕ್ಕ ಹಾಗೆ ಒಳಗೆ ಬಿಸಿಲಲ್ಲೂ ಕತ್ತಲೆ, ಬಾವಲಿಗಳ ವಾಸನೆ, ಕಾಲಿಗೆ ತಣ್ಣನೆಯ ಕಲ್ಲು. ಹಲಗೆ ಹೊದಿಸಿದ ಹಾಗೆ ಕಲ್ಲನ್ನು ಓರೆಯಾಗಿ ಹೊದಿಸಿದ ಚಾವಣಿ. ಈ ಕಡೆಯ ಮಳೆಗೆ ಹಾಗೇ ಕಟ್ಟಬೇಕು ಎಂದು ಅವಳು ವಿವರಿಸಿದಳು.

ಹೊರಗೆ ಕಟ್ಟೆಯ ಮೇಲೆ ಕೂತಾಗ ಪಾಠದ ದನಿಯಲ್ಲೇ ಭೂತಾಳಪಾಂಡ್ಯನ ಕಥೆ ಶುರು ಮಾಡಿದಳು. ಅವನ ಸೋದರಮಾವ ಕಟ್ಟಿಸಿದ ಹಡಗು ನೀರಿಗಿಳಿಯಬೇಕಾದರೆ ಒಂದು ಮಗುವನ್ನು ಆಹುತಿ ಕೊಡಬೇಕೆಂದು ಕುಂಡೋದರ ಎಂಬ ಭೂತ ಕೇಳಿತಂತೆ. ಮಾವನ ಹೆಂಡತಿ ತನ್ನ ಮಕ್ಕಳನ್ನು ಕೊಡಲಿಲ್ಲ. ತಂಗಿ ತನ್ನ ಮಗನನ್ನು ಕೊಟ್ಟಳು. ಭೂತ ಮೆಚ್ಚಿ ಆ ಹುಡುಗನನ್ನು ಬದುಕಿಸಿತು, ಅವನೇ ಭೂತಾಳಪಾಂಡ್ಯನೆಂದು ಬಾರ್ಕೂರಿನ ಅರಸನಾದ. ಅಂದಿನಿಂದ ಆಸ್ತಿ ಮಕ್ಕಳಿಗಲ್ಲ, ತಂಗಿಯ ಮಕ್ಕಳಿಗೆ. ಕುಲ ತಂದೆಯಿಂದಲ್ಲ, ತಾಯಿಯಿಂದ ಎಂಬ ಅಳಿಯಕಟ್ಟು ಬಂತು.

“ಈಗ ಇದೆಲ್ಲ ಬರೀ ಪುಸ್ತಕದ ವಿಷಯ ಅಮ್ಮ” ಎಂದು ಕಥೆ ಮುಗಿಸಿದಳು.

ಪುಸ್ತಕದ ವಿಷಯವಂತೆ. ಆ ಅರಸ ಸತ್ತು ಎಷ್ಟು ಕಾಲವಾಯಿತೋ, ಅವನ ಕೋಟೆಯ ಕಂದಕದಲ್ಲಿ ಎಮ್ಮೆ ಮಲಗಿದೆ, ಅವನ ಕಟ್ಟಳೆ ಮಾತ್ರ ಹೋದ ವಾರ ನನ್ನ ಮೊಬೈಲಿಗೆ ಫೋನು ಮಾಡಿ ಮಾತಾಡಿದೆ. “ಆ ಹೆಂಡತಿಯದು ತಪ್ಪು ಅಂತೀಯಾ?” ಎಂದು ಕೇಳಿದೆ. “ತಪ್ಪಲ್ಲ, ತಾಯಿ ಅಲ್ವಾ” ಎಂದು ಸ್ವಾತಿ ಚಪ್ಪಲಿ ಹಾಕಿಕೊಂಡಳು. ಅವಳಿಗೆ ಅಲ್ಲೇ ಎಲ್ಲ ಹೇಳಿಬಿಡಬೇಕೆನಿಸಿತು. ಹೇಳಿದರೆ ನಗುತ್ತಾಳೆ, ಇಲ್ಲವೇ ಸಿಟ್ಟಾಗಿ ವಾಪಸು ಹೋಗೋಣ ಎನ್ನುತ್ತಾಳೆ. ಎದ್ದು ಆಟೋದ ಕಡೆ ನಡೆದೆ.

ಆ ಸಂಜೆ ಕುಂದಾಪುರದ ಒಂದು ವಸತಿಗೃಹದಲ್ಲಿ ಇಳಿದುಕೊಂಡು, ಶುಕ್ರವಾರ ಬೆಳಿಗ್ಗೆ ಬಸ್ರೂರಿಗೆ ಹೋದೆವು. ಕುಂದಾಪುರದಿಂದ ಬಸ್ಸಿನಲ್ಲಿ ಸ್ವಲ್ಪವೇ ದೂರ. ಈಗ ನೋಡಿದರೆ ಸುಮ್ಮನೆ ಮಲಗಿದ ಊರು. ಒಂದು ಕಾಲದಲ್ಲಿ ಇಲ್ಲಿಂದ ಅಕ್ಕಿ ಹೇರಿಕೊಂಡು ಅರಬರ ನಾವೆ ಹೋಗುತ್ತಿತ್ತು, ಪೋರ್ಚುಗೀಸರು ಇದಕ್ಕಾಗಿ ಕಾದಾಡಿದರು ಎಂದು ಮಗಳು ಹೇಳುತ್ತ ಹೋದಳು. ಮಹಾಲಿಂಗೇಶ್ವರ ದೇವಸ್ಥಾನದ ಅಂಗಳ ವಿಶಾಲವಾಗಿತ್ತು, ಮಳೆಗೆ ತೊಳೆದು ಚೊಕ್ಕವಾಗಿತ್ತು. ಅಲ್ಲಿಂದ ಕೇಳುತ್ತ ಕೇಳುತ್ತ ತುಳುವೇಶ್ವರಕ್ಕೆ ನಡೆದೆವು. ಅಲ್ಲಿ ಗುಡಿ ಎಂದರೆ ಆಲದ ಮರವೇ. ಬೇರುಗಳು ಶಿವಲಿಂಗವನ್ನು ಸುತ್ತಿ ಹಿಡಿದು ನಿಂತಿವೆ. ಯಾವುದು ಗೋಡೆ ಯಾವುದು ಬೇರು ಎಂದು ಹೇಳುವುದು ಕಷ್ಟ.

ಸ್ವಾತಿ ಫೋಟೋ ತೆಗೆಯುತ್ತಿದ್ದಾಗ ಹೂ ಕೊಯ್ಯಲು ಬಂದ ಹೆಂಗಸೊಬ್ಬರು, “ಎಲ್ಲಾಯ್ತ್ ನಿಮ್ಗೆ?” ಎಂದರು. ದಾವಣಗೆರೆ ಎಂದೆ. “ಅದಲ್ಲ. ಮೂಲ ಎಲ್ಲಾಯ್ತ್?” ಈ ಸೀಮೆಯಲ್ಲಿ ಯಾರೂ ಇರುವ ಊರನ್ನು ಕೇಳುವುದಿಲ್ಲ, ಮೂಲ ಕೇಳುತ್ತಾರೆ. ನಾನು ಮಳೆ ಬರುವ ಹಾಗಿದೆ ಎಂದು ಆಕಾಶ ನೋಡಿದೆ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ಮಧ್ಯಾಹ್ನ ಗುಲ್ವಾಡಿಗೆ ಆಟೋ ಮಾಡಿದೆ.

“ಗುಲ್ವಾಡೀಲಿ ಏನಿದೆ ಅಮ್ಮ?” ಎಂದಳು ಸ್ವಾತಿ.

“ಹೊಳೆ ಇದೆ.”

“ಹೊಳೆ ಎಲ್ಲಾ ಕಡೆ ಇದೆ.” ಅನುಮಾನದಿಂದ ನೋಡಿದಳು, ಆದರೂ ಹತ್ತಿದಳು.

ಅಂಗಡಿಯೊಂದರ ಮುಂದೆ ಇಳಿದು ಅತ್ತಿತ್ತ ನೋಡುತ್ತಿದ್ದಾಗ ಒಳಗಿನಿಂದ, “ಹ್ವಾಯ್, ಯಾರ್ ಮನಿಗ್ ಹೋಪ್ದ್?” ಎಂದು ಮುದುಕರೊಬ್ಬರು ಕೂಗಿದರು. ಹೊಳೆಬದಿ ಮನೆ, ಹಿಂದೆ ಗುಲಾಬಿ ಅಂತ ಒಬ್ಬರಿದ್ದರು ಎಂದೆ. “ಗುಲಾಬಿ ಶೆಡ್ತಿಯಾ? ಅದ್ ಹೋಯಿ ಯಾವ್ ಕಾಲ ಆಯ್ತ್. ಅದ್ರ್ ತಮ್ಮ ಮಾಬ್ಲಣ್ಣ ಇದ್ರ್. ಅಗಾ, ಆ ಹಸ್ರ್ ಗೇಟ್ ಕಾಣಿ.”

“ಗುಲಾಬಿ ಅಂದ್ರೆ ಅಜ್ಜಿ ಅಲ್ವಾ?” ಎಂದು ಸ್ವಾತಿ ನಿಂತುಬಿಟ್ಟಳು. ನಾನು ಆಗಲೇ ಗೇಟಿನ ಕಡೆ ನಡೆದಿದ್ದೆ.

ನನ್ನ ಸೋದರಮಾವ ಮಹಾಬಲ, ಊರವರ ಬಾಯಲ್ಲಿ ಮಾಬ್ಲಣ್ಣ, ಮುಂಬೈಯಲ್ಲಿ ಕ್ಯಾಂಟೀನು ನಡೆಸಿ ಬಂದು ಈಗ ಊರಲ್ಲೇ ಇದ್ದವರು. ಹಳೆಯ ಮನೆ ಕೆಡವಿ ಕಟ್ಟಿದ ತಾರಸಿ ಮನೆಯ ಜಗಲಿಯಲ್ಲಿ ಪೇಪರು ಓದುತ್ತ ಕೂತಿದ್ದರು. ಒಳಗೆ ಮೊಮ್ಮಕ್ಕಳ ಟಿವಿ ಗಲಾಟೆ ಕೇಳುತ್ತಿತ್ತು. “ನಾನು ಶಾರದಾ. ಗುಲಾಬಿಯ ಮಗಳು” ಎಂದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬನಿ ಎಂದು ಒಳಗೆ ಕರೆಯಲಿಲ್ಲ, ಕೂಕಣಿ ಎಂದು ಕುರ್ಚಿ ತೋರಿಸಲಿಲ್ಲ.

“ಎಂತಕ್ ಬಂದದ್ದ್?”

“ನಮ್ಮ ಬಳಿ ಯಾವುದು ಅಂತ ಕೇಳ್ಕೊಂಡು ಹೋಗೋಣ ಅಂತ ಬಂದೆ, ಮಾವ.”

“ಬಳಿ ಕೇಂಬುಕೆ ಯಾರೂ ದಾವಣಗೆರೆಯಿಂದ ಬತ್ತಿಲ್ಲೆ.” ಪೇಪರು ಮಡಿಸಿ ತೊಡೆಯ ಮೇಲಿಟ್ಟುಕೊಂಡರು. “ಸೀದಾ ಹೇಳ್. ಪಾಲ್ ಕೇಂಬುಕೆ ಬಂದದ್ದಾ?”

ಅವರ ಮಾತು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅಳಿಯಕಟ್ಟಿನ ಮನೆಗಳಲ್ಲಿ ಹೆಣ್ಣಿನ ಸಂತಾನಕ್ಕೇ ಹಕ್ಕು. ಎಷ್ಟೋ ವರ್ಷ ಕಾಣದಿದ್ದ ಅಕ್ಕನ ಮಗಳು ಒಂದು ಮಧ್ಯಾಹ್ನ ಬಾಗಿಲಿಗೆ ಬಂದು ಕುಲ ಕೇಳಿದರೆ, ಅದು ಜಾಗ ಕೇಳಿದ ಹಾಗೇ ಕಿವಿಗೆ ಬೀಳುತ್ತದೆ. ಅರ್ಥವಾದ ಕೂಡಲೇ ಸಿಟ್ಟು ನೆತ್ತಿಗೇರಿತು. “ನಿಮ್ಮ ಗದ್ದೆಯ ಒಂದು ಹಿಡಿ ಮಣ್ಣೂ ನನಗೆ ಬೇಡ. ಒಂದು ಹೆಸರು ಹೇಳಿ, ಬಂದ ದಾರಿ ಹಿಡೀತೀನಿ” ಎಂದೆ.

“ಹೆಸ್ರ್ ಹೇಳ್ರೆ ನೀ ಈ ಮನಿಯದ್ ಅಂದ್ ನಾನೇ ಹೇಳ್ದಾಂಗ್ ಆಯ್ತಲೆ. ಮತ್ತ್ ನಾಳೆ ವಕೀಲ್ರ್ ಬತ್ರ್.”

“ಬಳಿ ಯಾಕಮ್ಮ ಈಗ?” ಎಂದು ಸ್ವಾತಿ ನನ್ನ ತೋಳು ಹಿಡಿದಳು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಜಲಜಕ್ಕನ ಫೋನು, ಶನಿವಾರದ ಮಾತು, ಒಂದೇ ಬಳಿಯಾದರೆ ಮದುವೆ ಇಲ್ಲ ಎನ್ನುವುದು, ಎಲ್ಲವನ್ನೂ ಅಲ್ಲೇ ಅಂಗಳದಲ್ಲಿ ನಿಂತು ಒಂದೇ ಉಸಿರಿಗೆ ಹೇಳಿದೆ. ಅವಳ ಮುಖ ಬಿಳಿಚಿತು. “ಬಾರ್ಕೂರಲ್ಲಿ ನಾನು ಕಥೆ ಹೇಳ್ತಾ ಇದ್ದಾಗ ನೀನು ಇದನ್ನೇ ಯೋಚಿಸ್ತಿದ್ದೆಯಾ? ನನ್ನ ಮದುವೆ ವಿಷಯ, ನನ್ನೊಬ್ಬಳನ್ನ ಬಿಟ್ಟು ಎಲ್ಲರಿಗೂ ಗೊತ್ತು” ಎಂದು ಹೋಗಿ ಹಲಸಿನ ಮರದ ಕೆಳಗೆ ನಿಂತಳು.

ಆಗ ಒಳಗಿನಿಂದ ಮಾವನ ಹೆಂಡತಿ ಸರೋಜತ್ತೆ ಕೈ ಒರೆಸಿಕೊಳ್ಳುತ್ತ ಬಂದರು. ಎಲ್ಲ ಕೇಳಿಸಿಕೊಂಡಿದ್ದರು. ನನ್ನನ್ನು ಒಂದು ಸಲ ನೋಡಿ ಗಂಡನ ಕಡೆ ತಿರುಗಿದರು.

“ನಿಮ್ಗ್ ತಲಿ ಸಮ ಇತ್ತಾ? ನನ್ನ ಮಕ್ಕಳೆಲ್ಲ ನನ್ನ್ ಬಳಿ. ನಿಮ್ ಬಳಿಯಂಗೆ ಈ ಮನಿಗೆ ಇನ್ ಯಾರ್ ಇದ್ರ್? ನಾ ಕಣ್ಣ್ ಮುಚ್ರೆ ಮುಗಿತ್ ಅಂದ್ ನಾಗನ್ ಎದ್ರಿಗ್ ಅತ್ತದ್ದ್ ಯಾರ್? ಪ್ರಶ್ನೆ ಇಡ್ಸಿದಾಗ ಜೋಯಿಸ್ರ್ ಎಂತ ಹೇಳ್ರ್? ಹೊರಗ್ ಹೋದ್ ಹೆಣ್ಣಿನ್ ಸಂತಾನ ಹುಡ್ಕಿ ಅನ್ಲಿಲ್ಯಾ? ಈಗ ಅದೇ ಬಾಗ್ಲಿಗ್ ಬಂದ್ ನಿಂತಿತ್, ನೀವ್ ವಕೀಲ್ರ್ ಸುದ್ದಿ ಮಾತಾಡ್ತ್ರಿ.”

ಆ ಮನೆಯಲ್ಲಿ ತಾಯಿಯ ಬಳಿ ಹೊತ್ತವರು ಮಾವ ಒಬ್ಬರೇ ಉಳಿದಿದ್ದರು ಎಂದು ನನಗೆ ಆಗ ಹೊಳೆಯಿತು. ಅವರು ಕನ್ನಡಕ ತೆಗೆದು ಜೇಬಿಗೆ ಹಾಕಿ ಎದ್ದರು. “ಬನಿ” ಎಂದರು. ನಮಗೆ ಅವರು ಹೇಳಿದ ಮೊದಲ ಬನಿ ಅದು.

ಮನೆಯ ಹಿಂದೆ, ಹೊಳೆಗೆ ಇಳಿಯುವ ದಾರಿಯಲ್ಲಿ ನಾಗಬನ. ನಾಲ್ಕು ಹಳೆಯ ಮರ, ಬಳ್ಳಿ, ಪಾಚಿ ಹಿಡಿದ ನಾಗನ ಕಲ್ಲುಗಳು. ಮಾವ ಹಣತೆಗೆ ಎಣ್ಣೆ ಹಾಕಿ ಬೆಂಕಿಪೊಟ್ಟಣವನ್ನು ಸ್ವಾತಿಯ ಕಡೆ ಚಾಚಿದರು. ಅವಳು ನನ್ನ ಮುಖ ನೋಡಲಿಲ್ಲ. ಆದರೂ ದೀಪ ಹಚ್ಚಿದಳು, ಗಾಳಿಗೆ ಕೈ ಅಡ್ಡ ಹಿಡಿದು, ಹುಷಾರಾಗಿ.

“ನಮ್ದ್ ಹೊನ್ನೆ ಬಳಿ” ಎಂದರು ಮಾವ. “ನಿನ್ನಬ್ಬಿದ್, ನಿಂದ್, ಈ ಹೆಣ್ಣಿಂದ್.”

ಅಮ್ಮನದು, ನನ್ನದು, ಮಗಳದು. ತಲೆ ನರೆತ ಮೇಲೆ ನನಗೆ ನನ್ನ ಹೆಸರು ಸಿಕ್ಕಿತು. ಖುಷಿಯಾಯಿತು, ನಿಜ ಹೇಳುತ್ತೇನೆ. ಆ ಖುಷಿ ಹಣತೆಯ ಎಣ್ಣೆ ಬಿಸಿಯಾಗುವಷ್ಟು ಹೊತ್ತೂ ಉಳಿಯಲಿಲ್ಲ. “ಗಂಡಿನ್ ಕಡಿಯರ್ದ್ ಯಾವ್ ಬಳಿ?” ಎಂದು ಅವರು ಕೇಳಿದರು. ಕೇಳಿಲ್ಲ ಎಂದೆ, ಯಾಕೆ ಕೇಳಿಲ್ಲ ಎಂದೂ ಹೇಳಿದೆ. ಅವರು ಮೊದಲ ಸಲ ನಕ್ಕರು. “ಗುಲಾಬಕ್ಕನ್ ಮಗ್ಳೇ ಸೈ. ಅದೂ ಹೀಂಗೇ, ಎಂತದ್ದೂ ಬಾಯ್ ಬಿಟ್ಟ್ ಕೇಂತಿರ್ಲಿಲ್ಲೆ.” ಮತ್ತೆ ಯೋಚಿಸಿ, “ಶಿರೂರ್ ಬದಿಯಂಗೂ ಹೊನ್ನೆ ಬಳಿಯರ್ ಇದ್ರ್” ಎಂದರು.

ಅಷ್ಟು ಸಾಕಾಗಿತ್ತು ನನಗೆ. ಅಂದು ಸರೋಜತ್ತೆ ಮಾಡಿದ ಕೋಳಿ ಸಾರಿನ ರುಚಿ ಕೇಳಿದರೆ ಹೇಳಲಾರೆ. ರಾತ್ರಿ ಕುಂದಾಪುರದ ವಸತಿಗೃಹಕ್ಕೆ ವಾಪಸಾದೆವು.

ಶನಿವಾರ ಬೆಳಿಗ್ಗೆ ಮಾವ ಬಿಳಿ ಅಂಗಿ, ಹೆಗಲಿಗೆ ಶಾಲು, ಕೈಯಲ್ಲಿ ತೆಂಗಿನಕಾಯಿಯ ಚೀಲ ಹಿಡಿದು ಕುಂದಾಪುರದ ಬಸ್ ನಿಲ್ದಾಣಕ್ಕೆ ನಮಗಿಂತ ಮೊದಲೇ ಬಂದಿದ್ದರು. “ಬಳಿ ಹೇಳೂದ್ ಮಾವನ್ ಕೆಲ್ಸ, ಹೆಂಗ್ಸ್ರದ್ದಲ್ಲ” ಎಂದರು. ಸ್ವಾತಿ ನನ್ನ ಪಕ್ಕ ಕೂರದೆ ಅವರ ಪಕ್ಕ ಕೂತಳು. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ಬಸ್ಸಿನವರೆಲ್ಲ ಆ ಕಡೆ ಈ ಕಡೆ ನೋಡಿದರು. ನಾನು ನನ್ನ ಮುಂದಿನ ಸೀಟಿನ ಸರಳು ಹಿಡಿದುಕೊಂಡು ಅದನ್ನೇ ನೋಡಿದೆ.

ಬೈಂದೂರಿನಲ್ಲಿ ಇಳಿದು ಸೇನೇಶ್ವರ ನೋಡಿಯೇ ಹೋಗಬೇಕೆಂದು ಸ್ವಾತಿ ಹಟ ಹಿಡಿದಳು. ಕರಾವಳಿಯಲ್ಲಿ ಇಂಥ ಕಲ್ಲಿನ ಕೆಲಸ ನಾನು ಕಂಡಿರಲಿಲ್ಲ. ಕಡೆದ ಕಂಬಗಳು, ಚಾವಣಿಯಲ್ಲಿ ಇಣುಕುವ ದೇವತೆಗಳು. ಘಟ್ಟದ ಮೇಲಿನ ಗುಡಿಯೊಂದು ಯಾರಿಗೂ ಹೇಳದೆ ಇಳಿದು ಬಂದ ಹಾಗಿತ್ತು. ನೋಡಲು ಹೋಗುವವರು ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿ. ನನಗೆ ಆಗಲಿಲ್ಲ. ಕಂಬಕ್ಕೆ ಒರಗಿ, ಹೊನ್ನೆ ಅಲ್ಲದಿರಲಿ, ಅವರದು ಹೊನ್ನೆ ಅಲ್ಲದಿರಲಿ ಎಂದು ಜಪ ಮಾಡುತ್ತ ನಿಂತೆ. ಹಿಂದಿನ ದಿನ ಸಿಕ್ಕಿದ ಹೆಸರು, ಇನ್ನೊಂದು ಮನೆಯಲ್ಲಿ ಅದೇ ಹೆಸರು ಇರಬಾರದು ಎಂದು ದೇವರನ್ನು ಬೇಡುವ ಹಾಗಾಯಿತಲ್ಲ ಎಂದು ಸಂಕಟವೂ ಆಯಿತು.

ಸ್ವಾತಿ ಬಂದು ನನ್ನ ಪಕ್ಕ ನಿಂತಳು. ನಿನ್ನೆಯಿಂದ ಮೊದಲ ಸಲ.

“ಒಂದೇ ಬಳಿ ಅಂತಾದ್ರೆ ನೀನು ಏನು ಮಾಡ್ತೀಯ?” ಎಂದಳು.

“ಗೊತ್ತಿಲ್ಲ ಕಣೇ.”

“ನಾನು ಏನು ಮಾಡ್ತೀನಿ ಅಂತ ಕೇಳಲ್ವಾ?”

ನಾನು ಕೇಳಲಿಲ್ಲ. ಅವಳು ಕೊಡುವ ಉತ್ತರ ಏನೇ ಇದ್ದರೂ ನನಗೆ ಅದನ್ನು ಹೊರುವ ಶಕ್ತಿ ಇರಲಿಲ್ಲ. ಅವಳು ಮೊಬೈಲಿನಲ್ಲಿ ಗಂಟೆ ನೋಡಿ, “ಬಸ್ಸಿಗೆ ಹೊತ್ತಾಯ್ತು” ಎಂದು ಹೊರಟಳು.

ಶಿರೂರಿನಲ್ಲಿ ಹೆದ್ದಾರಿಯಿಂದ ಒಳಗೆ, ಮಸೀದಿ ದಾಟಿ ಗದ್ದೆಯ ಅಂಚಿಗೆ ಹುಡುಗನ ಮನೆ. ಪ್ರಶಾಂತ ಗೇಟಿನಲ್ಲೇ ಕಾದಿದ್ದ. ಜಲಜಕ್ಕ ಬೆಲ್ಲ ನೀರು ತಂದಿಟ್ಟರು. ಅವರೂ ನನ್ನ ಹಾಗೇ ಸೆರಗಿನ ತುದಿ ಹಿಂಡುತ್ತಿದ್ದರು. ಅವರ ಅಣ್ಣ, ಎಂದರೆ ಹುಡುಗನ ಸೋದರಮಾವ, ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡು ಚಾವಡಿಯ ಮಧ್ಯೆ ಕೂತಿದ್ದರು. ಮಳೆ, ಬೆಳೆ, ಬಸ್ಸಿನ ರಶ್ಶು, ಮುಂಬೈಯ ಹಳೆಯ ಕ್ಯಾಂಟೀನು, ಇಬ್ಬರು ಮಾವಂದಿರೂ ಎಲ್ಲವನ್ನೂ ಮಾತಾಡಿದರು. ಬೇಕಾದ್ದು ಒಂದು ಬಿಟ್ಟು.

ಕೊನೆಗೆ ನನ್ನ ಮಾವ ತೆಂಗಿನಕಾಯಿಯನ್ನು ಮುಂದಿಟ್ಟು, “ನಮ್ದ್ ಹೊನ್ನೆ ಬಳಿ. ಗುಲ್ವಾಡಿ ಹೊಳೆಬದಿಯದ್ದ್” ಎಂದರು.

ಜಲಜಕ್ಕನ ಅಣ್ಣ ಹುಬ್ಬು ಏರಿಸಿದರು. ಬಾಯಿಯಲ್ಲಿ ರಸ ತುಂಬಿತ್ತು, ಆದರೂ ತಲೆ ಎತ್ತಿ ಹೇಗೋ ಮಾತಾಡಿದರು. “ಹೊನ್ನೆಯಾ? ಈ ಮನಿಯೂ ಹೊನ್ನೆ ಬಳಿಯರ್ದ್ದೇ ಅಲ್ದಾ.” ಅಷ್ಟು ಹೇಳಿ, ಉಗುಳಿ ಬರಲು ಎದ್ದು ಅಂಗಳಕ್ಕೆ ಹೋದರು.

ಕೈಯಲ್ಲಿದ್ದ ಲೋಟ ನನ್ನ ಸೀರೆಯ ಮೇಲೆ ಚೆಲ್ಲಿತು. ಮಾವ ನೆಲ ನೋಡಿದರು. ಜಲಜಕ್ಕ ಏನೋ ಹೇಳಹೋದವರು, ಬಳಿ ಹೇಳುವುದು ಮಾವನ ಕೆಲಸವೆಂದು ಅಂಗಳದ ಕಡೆ ನೋಡಿ ತಡೆದುಕೊಂಡರು. ನಾನು ನೋಡಿದ್ದು ಸ್ವಾತಿಯನ್ನು. ಅವಳು ಕುರ್ಚಿಯ ಪಕ್ಕದಲ್ಲಿದ್ದ ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡು ಎದ್ದು ನಿಂತಿದ್ದಳು. ಮುಖದಲ್ಲಿ ಅಳು ಇರಲಿಲ್ಲ. ಪ್ರಶಾಂತನೂ ಎದ್ದಿದ್ದ.

ಅಣ್ಣ ಬಾಯಿ ಒರೆಸಿಕೊಳ್ಳುತ್ತ ಒಳಗೆ ಬಂದರು. ಎಲ್ಲರೂ ನಿಂತದ್ದು ಕಂಡು ಅವರಿಗೇ ಆಶ್ಚರ್ಯ. “ಎಂತ, ಹೊರ್ಟ್ರ್ಯಾ? ಹೊನ್ನೆ ಬಳಿ ಭಾವಂದ್, ಜಲಜನ್ ಗಂಡಂದ್. ಈ ಮನಿ ಅವ್ರದ್ದ್. ಮಕ್ಕಳ್ ನಮ್ದಲೆ, ಸಾಲ್ಯಾನ್ ಬಳಿ. ಎಂತ ತೊಂದ್ರಿ ಇಲ್ಲೆ, ಕೂಕಣಿ.”

ಜಲಜಕ್ಕ ಜೋರಾಗಿ ಅತ್ತುಬಿಟ್ಟರು. “ಅಣ್ಣ, ಎಲೆಡ್ಕಿ ಉಗ್ದ್ ಮಾತಾಡೂಕ್ ಆತಿಲ್ಯಾ ನಿಂಗೆ?” ಎಂದು ಅಳುತ್ತಲೇ ಬೈದರು. ನಾನು ಅವರ ಕೈ ಹಿಡಿದುಕೊಂಡೆ. ಕಟ್ಟಿಹಾಕಿದ್ದೂ ಭೂತಾಳಪಾಂಡ್ಯನ ಕಟ್ಟಳೆ, ಬಿಡಿಸಿದ್ದೂ ಅದೇ. ಹುಡುಗನಿಗೆ ತಂದೆಯ ಕುಲ ಬರುವ ಹಾಗಿದ್ದರೆ ನಮ್ಮ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಮಾವ ಶಾಲು ಸರಿ ಮಾಡಿಕೊಂಡು, “ದಿಬ್ಬಣ ಗುಲ್ವಾಡಿಯಿಂದ ಹೊರಡ್ಕ್. ಹೆಣ್ಣ್ ನಮ್ಮನಿದ್” ಎಂದರು. ಯಾರೂ ಬೇಡವೆನ್ನಲಿಲ್ಲ.

ಸಂಜೆ ಕುಂದಾಪುರದಲ್ಲಿ ಬಸ್ಸಿಳಿದು ಮಾವ ಗುಲ್ವಾಡಿಯ ಬಸ್ಸು ಕಾಯುತ್ತ ನಿಂತಿದ್ದರು. ಖಾಲಿ ಚೀಲ ಮಡಿಸಿ ಕಂಕುಳಲ್ಲಿಟ್ಟುಕೊಂಡು, ನನ್ನ ಕಡೆ ನೋಡದೆ ಹೇಳಿದರು. “ಪಾಲ್ ಕೇಂಬುಕೆ ಬಂದದ್ದಾ ಅಂದೆ ಅಲ್ದಾ. ಅದ್ ಮನ್ಸಂಗ್ ಇಟ್ಕಣ್ಬೇಡ. ಇಷ್ಟ್ ವರ್ಷಂಗ್ ಒಂದ್ ಸಲಿಯಾರೂ ಮಾವ ಇದ್ನಾ ಸತ್ನಾ ಅಂದ್ ಕೇಂಬುಕೆ ನೀ ಬರ್ಲಿಲ್ಲೆ. ಸಿಟ್ಟ್ ಅದ್ರದ್ದ್.” ಬಸ್ಸು ಬಂತು, ಹತ್ತಿದರು. ಕಿಟಕಿಯಿಂದ ಕೈ ಹೊರಗೆ ಹಾಕಿ ಸ್ವಾತಿಯ ತಲೆ ಮುಟ್ಟಿದರು.

ಭಾನುವಾರ ಬೆಳಿಗ್ಗೆ ಶಿವಮೊಗ್ಗದ ಬಸ್ಸಿನಲ್ಲಿ ಸ್ವಾತಿ ಮತ್ತೆ ನನ್ನ ಪಕ್ಕ ಕೂತಳು. ಮೊಬೈಲಿನಲ್ಲಿ ಬಾರ್ಕೂರಿನ ಕಂದಕ, ತುಳುವೇಶ್ವರದ ಬೇರು, ಸೇನೇಶ್ವರದ ಚಾವಣಿ ಎಲ್ಲ ತೋರಿಸಿದಳು. ಬಸ್ಸು ಘಟ್ಟ ಹತ್ತತೊಡಗಿತು. ಹಿಂದೆ ತಿರುಗಿ ನೋಡಿದರೆ ಮರಗಳ ಸಂದಿಯಲ್ಲಿ ಬಯಲು ಸೀಮೆಯವರ ಕಣ್ಣಿಗೆ ದಕ್ಕದಷ್ಟು ಹಸಿರು, ಎಲ್ಲೋ ಒಂದು ಕಡೆ ಹೊಳೆಯ ಹೊಳಪು. ಆಗ ಧೈರ್ಯ ಮಾಡಿದೆ.

“ನಿನ್ನೆ ಅವರು ಉಗುಳೋಕೆ ಹೋದಾಗ ನೀನು ಚೀಲ ಹಾಕ್ಕೊಂಡು ಎದ್ದೆಯಲ್ಲ. ಎಲ್ಲಿಗೆ ಹೊರಟಿದ್ದೆ? ನನ್ನ ಜೊತೆ ಮನೆಗಾ, ಅವನ ಜೊತೆಗಾ?”

ಸ್ವಾತಿ ಮೊಬೈಲು ಆರಿಸಿ ಕಿಟಕಿಯ ಹೊರಗೆ ನೋಡಿದಳು.

“ಅದನ್ನ ಸೇನೇಶ್ವರದಲ್ಲಿ ಕೇಳಬೇಕಿತ್ತು ಅಮ್ಮ” ಎಂದಳು.

ಮದುವೆಗೆ ದಿನ ಗೊತ್ತಾಗಿದೆ. ನಾನು ಈಗಲೂ ಕೇಳುತ್ತಿದ್ದೇನೆ. ಅವಳು ಹೇಳಿಲ್ಲ.